ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಮಾತಾಡಬಹುದಾ? ತಜ್ಞರು ಯಾಕೆ ಮಾತು ಬದಲಿಸುತ್ತಾ ಬಂದರು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಾನು ಟ್ರೇನಿಂಗ್ ಮಾಡುವಾಗ 'ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಬಾಯಿಗೆ ಬರಬಾರದು, ಮಗು ತಪ್ಪು ಹೇಳಿದ ತಕ್ಷಣ ತಿದ್ದಬೇಕು' ಎಂದು ಕಲಿಸಿದ್ದರು. ಆಮೇಲಿನ ತರಬೇತಿಯಲ್ಲಿ 'ವ್ಯಾಕರಣ ಬಿಡಿ, ಮಾತಾಡಿಸಿ' ಅಂದರು. ಈಚಿನ ತರಬೇತಿಯಲ್ಲಿ 'ಮಕ್ಕಳು ಎರಡೂ ಭಾಷೆ ಬೆರೆಸಲಿ, ತಡೆಯಬೇಡಿ' ಅನ್ನುತ್ತಾರೆ. ಇಲ್ಲಿ ನೋಡಿದರೆ ಏಳನೇ ಕ್ಲಾಸಿನ ಹುಡುಗ ಇನ್ನೂ 'ಮೈ ಫಾದರ್ ಗೋ ಟು ಹೊಲ' ಎಂದು ಬರೆಯುತ್ತಾನೆ. ತಜ್ಞರೇ ಹೀಗೆ ಮಾತು ಬದಲಿಸಿದರೆ ನಾವು ಯಾರನ್ನು ನಂಬುವುದು? ಕನ್ನಡ ಬಳಸಲೋ ಬೇಡವೋ? ಸಾಹೇಬರು ಕ್ಲಾಸಿಗೆ ಬಂದಾಗ ಕನ್ನಡ ಕೇಳಿಸಿದರೆ ಏನು ಹೇಳಲಿ?

ಉತ್ತರ: ಮೇಡಂ, ನಿಮ್ಮ ಸಿಟ್ಟು ಸಹಜವೇ. ಶಿಕ್ಷಕರ ತರಬೇತಿಗಳಲ್ಲಿ ಈ ಮಾತನ್ನು ನಾನು ತುಂಬಾ ಸಲ ಕೇಳಿದ್ದೇನೆ. ಪ್ರತಿ ತರಬೇತಿಯೂ ಹಿಂದಿನದು ತಪ್ಪು ಎಂದೇ ಶುರುವಾಗುತ್ತದೆ. ಯಾಕೆ ತಪ್ಪು, ಹಿಂದಿನವರು ಯಾಕೆ ಹಾಗೆ ನಂಬಿದ್ದರು ಅಂತ ಯಾರೂ ಹೇಳುವುದಿಲ್ಲ. ಅದು ಗೊತ್ತಾದರೆ ನಿಮ್ಮ ಕ್ಲಾಸಿಗೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವುದನ್ನು ನೀವೇ ತೀರ್ಮಾನಿಸಬಹುದು. ಹಾಗಾಗಿ ಮೊದಲು ಆ ಕಥೆ.

ನಿಮ್ಮ ಹುಡುಗ ಬರೆದ ವಾಕ್ಯವನ್ನೇ ಇಟ್ಟುಕೊಳ್ಳೋಣ. 'ಮೈ ಫಾದರ್ ಗೋ ಟು ಹೊಲ.' ಕೆಂಪು ಪೆನ್ನು ಹಿಡಿದರೆ ಎರಡು ಸುತ್ತು ಹಾಕುತ್ತೇವೆ. 'ಗೋಸ್' ಬರಬೇಕಾದಲ್ಲಿ 'ಗೋ', 'ಫೀಲ್ಡ್' ಬರಬೇಕಾದಲ್ಲಿ 'ಹೊಲ'. ಎರಡೂ ಸುತ್ತು ಒಂದೇ ಥರ ಕಾಣುತ್ತವೆ. ಆದರೆ ಅವುಗಳ ಹಿಂದಿನ ಕಾರಣ ಬೇರೆ ಬೇರೆ. ಭಾಷೆಯನ್ನು ಹೇಗೆ ಕಲಿಯುತ್ತಾರೆ, ಹೇಗೆ ಕಲಿಸಬೇಕು ಎಂದು ನೋಡುವ ಅನ್ವಯಿಕ ಭಾಷಾವಿಜ್ಞಾನ ಕಳೆದ ಎಪ್ಪತ್ತು ಎಂಬತ್ತು ವರ್ಷಗಳಲ್ಲಿ ಮಾಡಿದ್ದೆಲ್ಲ ಹೆಚ್ಚು ಕಡಿಮೆ ಇದೇ ಕೆಲಸ. ಇಂಥ ವಾಕ್ಯವನ್ನು ನೋಡಿ, ಇದು ಎಲ್ಲಿಂದ ಬಂತು ಎಂದು ಕೇಳುವುದು.

'ಕನ್ನಡ ಬಾಯಿಗೆ ಬರಬಾರದು' ಅನ್ನುವುದರ ಒಂದು ಬೇರು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿದೆ. 1941ರಲ್ಲಿ ಅಲ್ಲಿ ಇಂಗ್ಲಿಷ್ ಭಾಷಾ ಸಂಸ್ಥೆ ಶುರುವಾಯಿತು. ಚಾರ್ಲ್ಸ್ ಫ್ರೈಸ್ ಅದರ ಮುಖ್ಯಸ್ಥರು. ಅದು ಎರಡನೇ ಮಹಾಯುದ್ಧದ ಕಾಲ. ಅಮೆರಿಕದಲ್ಲಿ ಸೈನಿಕರಿಗೂ ಬೇರೆ ದೇಶಗಳ ಮಾತು ಬೇಗ ಬೇಗ ಕಲಿಸಬೇಕಿತ್ತು. ಭಾಷೆ ಅಂದರೆ ಅಭ್ಯಾಸಗಳ ಗುಂಪು ಎಂದು ಫ್ರೈಸ್ ಮತ್ತು ಜೊತೆಯವರು ನಂಬಿದರು. ಬಾಯಿಗೆ ರೂಢಿ ಮಾಡಿಸಿದರೆ ಸಾಕು. ಅಲ್ಲಿಯವರೇ ಆದ ರಾಬರ್ಟ್ ಲಾಡೋ 1957ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕಲಿಯುವವರ ಭಾಷೆಯನ್ನೂ ಕಲಿಯಬೇಕಾದ ಭಾಷೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ, ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲೇ ಕಷ್ಟ ಬರುತ್ತದೆ ಎಂದರು. ಅಂದರೆ ಮನೆಮಾತು ಒಂದು ಅಡ್ಡಿ. ತಪ್ಪು ಅಂದರೆ ಹಳೇ ಚಟ. ಬೇರೂರುವ ಮೊದಲೇ ಕಿತ್ತುಹಾಕಬೇಕು.

ನಮ್ಮಲ್ಲಿ ಇದು ವಾಕ್ಯದ ಮಾದರಿಗಳನ್ನು ಒಂದೊಂದಾಗಿ ಹೇಳಿಸಿ ರೂಢಿ ಮಾಡಿಸುವ ಬ್ರಿಟನ್ನಿನ ಸ್ಟ್ರಕ್ಚರಲ್ ಪದ್ಧತಿಯ ಜೊತೆ ಸೇರಿಕೊಂಡಿತು. 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶುರುವಾದ ಕಾಲದಲ್ಲಿ ಆ ಪದ್ಧತಿಯದ್ದೇ ದರ್ಬಾರು. ಬೋರ್ಡ್ ಮೇಲೆ ಪದ ಬದಲಿಸಿ ವಾಕ್ಯ ಕಟ್ಟುವ ಒಂದು ಪಟ್ಟಿ, ಮೇಷ್ಟ್ರ ಕೈಯಲ್ಲಿ ಒಂದು ಪೆನ್ನು, ಇಡೀ ಕ್ಲಾಸು 'ದಿಸ್ ಈಸ್ ಎ ಪೆನ್'. ನಿಮ್ಮ ವಯಸ್ಸಿನವರಿಗೂ ಇದು ನೆನಪಿರಬೇಕು.

ಆ ವಿಚಾರಕ್ಕೆ ಇನ್ನೊಂದು ಹಳೆಯ ಭಯವೂ ಸೇರಿತ್ತು. ಎರಡು ಭಾಷೆ ತುಂಬಿದರೆ ಮಗುವಿನ ತಲೆ ಮಂಕಾಗುತ್ತದೆ ಎಂಬ ಭಯ. 1923ರಲ್ಲಿ ವೇಲ್ಸ್‌ನಲ್ಲಿ ಡಿ. ಜೆ. ಸೇರ್ ಎಂಬವರು ನಡೆಸಿದ ಅಧ್ಯಯನದಲ್ಲಿ ಹಳ್ಳಿಯ ದ್ವಿಭಾಷಿ ಮಕ್ಕಳಿಗೆ ಬುದ್ಧಿ ಪರೀಕ್ಷೆಯಲ್ಲಿ ಕಮ್ಮಿ ಅಂಕ ಬಂದಿತ್ತು. ಆ ಮಕ್ಕಳ ಬಡತನ, ಶಾಲೆ, ಪರೀಕ್ಷೆಯ ಭಾಷೆ ಇದನ್ನೆಲ್ಲ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. 1962ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಒಂದೇ ಅಂತಸ್ತಿನ ಮನೆಗಳ ಹತ್ತು ವರ್ಷದ ಮಕ್ಕಳನ್ನು ಹೋಲಿಸಿದಾಗ ಎರಡು ಭಾಷೆಯವರೇ ಮುಂದಿದ್ದರು. ಅವರೂ ಎರಡೂ ಭಾಷೆ ಚೆನ್ನಾಗಿ ಬರುವ ಮಕ್ಕಳನ್ನೇ ಆರಿಸಿಕೊಂಡಿದ್ದರು ಎಂಬ ಆಕ್ಷೇಪ ಇದೆ, ಅದು ಸರಿಯಾದ ಆಕ್ಷೇಪವೇ. ಹಾಗಾಗಿ ಎರಡು ಭಾಷೆ ಕಲಿತರೆ ಮಗು ಜಾಣ ಆಗಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ದಡ್ಡ ಆಗುತ್ತದೆ ಎಂಬುದಂತೂ ಸುಳ್ಳು. 'ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಮಾತಾಡಿಸಿ' ಎಂದು ಪಾಲಕರಿಗೆ ಹೇಳುವ ಶಾಲೆಗಳು ಇವತ್ತಿಗೂ ಇವೆ. ಅವರು ನೂರು ವರ್ಷ ಹಳೆಯ ಭಯವನ್ನು ಮಾರುತ್ತಿದ್ದಾರೆ ಅಷ್ಟೇ.

ಈಗ ಹುಡುಗನ ವಾಕ್ಯಕ್ಕೆ ವಾಪಸ್ ಬರೋಣ. ಮಿಶಿಗನ್‌ನವರ ಪ್ರಕಾರ ಈ ತಪ್ಪು ಕನ್ನಡದಿಂದ ಬರಬೇಕು. ಬಂದಿದೆಯಾ, ನೋಡಿ.

ಆ ಹುಡುಗ ಮನೆಯಲ್ಲಿ 'ನಮ್ಮಪ್ಪ ಹೊಲಕ್ಕ ಹೋಗ್ತಾನ' ಅನ್ನುತ್ತಾನೆ. ಕನ್ನಡದ ಅಭ್ಯಾಸವೇ ಇಂಗ್ಲಿಷಿಗೆ ಬಂದಿದ್ದರೆ 'ಮೈ ಫಾದರ್ ಹೊಲ ಟು ಗೋ' ಎಂದು ಬರೆಯಬೇಕಿತ್ತು. ಅವನು ಕ್ರಿಯಾಪದವನ್ನು ಸರಿಯಾಗಿ ಮಧ್ಯಕ್ಕೆ ತಂದಿದ್ದಾನೆ. 'ಟು' ಕೂಡ ಹೊಲದ ಮುಂದೆ ಇದೆ, ನಮ್ಮ 'ಕ್ಕೆ' ಥರ ಹಿಂದೆ ಅಲ್ಲ. ಇನ್ನು 'ಗೋಸ್'. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಕನ್ನಡದಲ್ಲಿ ಹೋಗ್ತೀನಿ, ಹೋಗ್ತಾನೆ, ಹೋಗ್ತಾಳೆ, ಹೋಗ್ತಾರೆ ಎಂದು ಪ್ರತಿಯೊಬ್ಬರಿಗೂ ಕ್ರಿಯಾಪದದ ಬಾಲ ಬದಲಾಗುತ್ತದೆ. ನಾಲ್ಕು ವರ್ಷದ ಮಗುವೂ ಅದನ್ನು ತಪ್ಪಿಲ್ಲದೆ ಹೇಳುತ್ತದೆ. ಇಂಗ್ಲಿಷಿನಲ್ಲಿ ಇರುವುದು ಒಂದೇ ಒಂದು ಬಾಲ, ಆ 'ಸ್'. ಮನೆಮಾತಿನ ಅಭ್ಯಾಸವೇ ಎಲ್ಲವೂ ಆಗಿದ್ದರೆ ನಮ್ಮ ಮಕ್ಕಳಿಗೆ ಆ 'ಸ್' ಎಲ್ಲಕ್ಕಿಂತ ಸುಲಭ ಆಗಬೇಕಿತ್ತು, ಅಲ್ವಾ? ಆದರೆ ಅವರು ಅದನ್ನೇ ಬಿಡುತ್ತಾರೆ.

ನಮ್ಮ ಮಕ್ಕಳು ಮಾತ್ರ ಅಲ್ಲ. ಡುಲೇ ಮತ್ತು ಬರ್ಟ್ ಎಂಬವರು 1974ರಲ್ಲಿ ಅಮೆರಿಕದಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ ಸ್ಪ್ಯಾನಿಷ್ ಮತ್ತು ಚೀನೀ ಮನೆಮಾತಿನ ಮಕ್ಕಳನ್ನು ನೋಡಿದರು. ಎರಡು ಭಾಷೆಗೂ ಸಂಬಂಧವೇ ಇಲ್ಲ. ಆದರೂ ಎರಡೂ ಗುಂಪಿನ ಮಕ್ಕಳಿಗೆ ಇಂಗ್ಲಿಷಿನ ಚಿಕ್ಕ ಚಿಕ್ಕ ಪ್ರತ್ಯಯಗಳು ಹೆಚ್ಚು ಕಡಿಮೆ ಒಂದೇ ಕ್ರಮದಲ್ಲಿ ಹಿಡಿತಕ್ಕೆ ಬಂದವು. 'ಇಂಗ್' ಬೇಗ ಬಂತು. 'ಹಿ ಗೋಸ್'ನ 'ಸ್' ತೀರಾ ತಡ. ಅದಕ್ಕೂ ಮೊದಲೇ, 1967ರಲ್ಲಿ, ಬ್ರಿಟನ್ನಿನ ಭಾಷಾವಿಜ್ಞಾನಿ ಪಿಟ್ ಕಾರ್ಡರ್ ತಪ್ಪುಗಳನ್ನು ನೋಡುವ ಕಣ್ಣನ್ನೇ ಬದಲಾಯಿಸಿದ್ದರು. ಮಗು ಈಗ ಯಾವ ನಿಯಮ ಹಿಡಿದು ಹೊರಟಿದೆ ಎನ್ನುವುದಕ್ಕೆ ತಪ್ಪೇ ಸಾಕ್ಷಿ ಎಂದರು ಅವರು. ಲ್ಯಾರಿ ಸೆಲಿಂಕರ್ 1972ರಲ್ಲಿ ಇದನ್ನು ಇನ್ನೂ ಗಟ್ಟಿ ಮಾಡಿದರು. ಕಲಿಯುವವರ ತಲೆಯಲ್ಲಿ ಒಂದು ನಡುಭಾಷೆ ಇರುತ್ತದೆ. ಅದು ಪೂರ್ತಿ ಮನೆಮಾತೂ ಅಲ್ಲ, ಪೂರ್ತಿ ಇಂಗ್ಲಿಷೂ ಅಲ್ಲ. ಅದಕ್ಕೆ ಅದರದ್ದೇ ವ್ಯಾಕರಣ ಇದೆ.

ಹಾಗಂತ ಕನ್ನಡದ ಪ್ರಭಾವ ಇಲ್ಲವೇ ಇಲ್ಲ ಅನ್ನಬೇಡಿ. 'ಎ', 'ದ' ನಮ್ಮಲ್ಲಿ ಇಲ್ಲ, ಅದಕ್ಕೇ ಮಕ್ಕಳು ಅವನ್ನು ನುಂಗಿಬಿಡುತ್ತಾರೆ. ಉಚ್ಚಾರಣೆಯಲ್ಲಂತೂ ಮನೆಮಾತು ಎದ್ದು ಕಾಣುತ್ತದೆ. ಲಾಡೋ ಪೂರ್ತಿ ತಪ್ಪಲ್ಲ. ಒಂದು ಕಾರಣವನ್ನು ಎಲ್ಲದಕ್ಕೂ ಕಾರಣ ಅಂದುಕೊಂಡರು. ನಿಮಗೆ ಇದರಿಂದ ಸಿಗುವ ಸಮಾಧಾನ ಏನಂದರೆ, ಏಳನೇ ಕ್ಲಾಸಿನಲ್ಲೂ 'ಗೋಸ್' ಬರದಿರುವುದಕ್ಕೆ ನಿಮ್ಮ ಕಲಿಸುವಿಕೆಯೋ ಮಗುವಿನ ಕನ್ನಡವೋ ಕಾರಣ ಅಲ್ಲ. ಅದು ತಡವಾಗಿಯೇ ಬರುವಂಥದ್ದು.

ಎರಡನೇ ತರಬೇತಿಯ 'ವ್ಯಾಕರಣ ಬಿಡಿ, ಮಾತಾಡಿಸಿ' ಎಲ್ಲಿಂದ ಬಂತು? ಅಮೆರಿಕದ ಮಾನವಶಾಸ್ತ್ರಜ್ಞ ಡೆಲ್ ಹೈಮ್ಸ್, ವ್ಯಾಕರಣ ಬಂದರೆ ಭಾಷೆ ಬಂದಂತಲ್ಲ, ಯಾರಿಗೆ ಯಾವಾಗ ಏನು ಹೇಗೆ ಹೇಳಬೇಕು ಎಂಬುದೂ ಭಾಷೆಯ ಜ್ಞಾನವೇ ಎಂದರು. ಆಮೇಲೆ ಇಂಗ್ಲಿಷ್ ಬೋಧನೆ ಆ ಕಡೆ ವಾಲಿತು. ಆದರೆ ನಮಗೆ ಹತ್ತಿರದ ಕಥೆ ಬೆಂಗಳೂರಿನದು. ನಮ್ಮ ತರಬೇತಿಗಳಲ್ಲಿ ಅದರ ಹೆಸರು ಕೇಳುವುದೇ ಅಪರೂಪ ಅನ್ನುವುದು ನನಗೆ ಬೇಜಾರಿನ ವಿಷಯ.

1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ದಕ್ಷಿಣ ಭಾರತದ ಕೆಲವು ಮಾಮೂಲಿ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಜಗತ್ತಿನ ಪುಸ್ತಕಗಳಲ್ಲಿ ಅದಕ್ಕೆ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರು. ಅವರು ವ್ಯಾಕರಣದ ಪಾಠಪಟ್ಟಿಯನ್ನೇ ತೆಗೆದುಹಾಕಿದರು. ಬದಲಿಗೆ ಮಕ್ಕಳಿಗೆ ಬಿಡಿಸಲು ಸಮಸ್ಯೆಗಳನ್ನು ಕೊಟ್ಟರು. ರೈಲ್ವೆ ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿಯಬೇಕು ಎಂದು ಹೇಳುವುದು. ಬೇರೆ ಬೇರೆ ಕ್ಲಾಸುಗಳ ಟೈಮ್‌ಟೇಬಲ್ ನೋಡಿ ಒಬ್ಬ ಮೇಷ್ಟ್ರ ಟೈಮ್‌ಟೇಬಲ್ ಕಟ್ಟುವುದು. ಮೊದಲು ಟೀಚರ್ ಇಡೀ ಕ್ಲಾಸಿನ ಜೊತೆ ಅಂಥದ್ದೇ ಒಂದು ಸಮಸ್ಯೆಯನ್ನು ಇಂಗ್ಲಿಷಿನಲ್ಲಿ ಮಾತಾಡುತ್ತಾ ಬಿಡಿಸುತ್ತಿದ್ದರು. ಆಮೇಲೆ ಮಕ್ಕಳು ಇನ್ನೊಂದನ್ನು ತಾವೇ ಮಾಡಬೇಕು. ಮಕ್ಕಳ ಗಮನ ಅರ್ಥದ ಮೇಲೆ ಇದ್ದಾಗ ವ್ಯಾಕರಣ ಒಳಗೇ ಬೆಳೆಯುತ್ತದೆ ಎಂಬುದು ಅವರ ನಂಬಿಕೆ.

ಫಲ ಏನಾಯಿತು? ಬೆರೆಟ್ಟಾ ಮತ್ತು ಡೇವಿಸ್ ಎಂಬವರು ಅದನ್ನು ಹೊರಗಿನಿಂದ ಬಂದು ಅಳೆದರು. ಸಮಸ್ಯೆ ಬಿಡಿಸುವ ಥರದ ಪರೀಕ್ಷೆಯಲ್ಲಿ ಪ್ರಭು ಅವರ ಮಕ್ಕಳು ಮುಂದೆ. ವ್ಯಾಕರಣದ ಬಿಡಿ ಪ್ರಶ್ನೆಗಳ ಪರೀಕ್ಷೆಯಲ್ಲಿ ಹಳೇ ಪದ್ಧತಿಯ ಮಕ್ಕಳು ಮುಂದೆ. ನನ್ನ ಲೆಕ್ಕದಲ್ಲಿ ಇದು ತುಂಬಾ ಪ್ರಾಮಾಣಿಕವಾದ ಫಲಿತಾಂಶ. ಏನು ಕಲಿಸುತ್ತೀರೋ ಅದು ಬರುತ್ತದೆ, ಬಿಟ್ಟಿದ್ದು ಅಷ್ಟಾಗಿ ಬರುವುದಿಲ್ಲ. ಕೆನಡಾದಲ್ಲೂ ಹೀಗೇ ಆಯಿತು. ಇಂಗ್ಲಿಷ್ ಮನೆಮಾತಿನ ಮಕ್ಕಳನ್ನು ಪೂರ್ತಿ ಫ್ರೆಂಚ್ ಮಾಧ್ಯಮದಲ್ಲಿ ಓದಿಸಿದರು. ವರ್ಷಗಟ್ಟಲೆ ಕೇಳಿ ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಗಟ್ಟಿಗರಾದರು. ಮಾತಾಡುವಾಗ ಮತ್ತು ಬರೆಯುವಾಗ ಮಾತ್ರ ವ್ಯಾಕರಣದ ತಪ್ಪುಗಳು ಉಳಿದೇ ಇದ್ದವು. ಅದಕ್ಕೇ ಮೆರಿಲ್ ಸ್ವೇನ್ 1985ರಲ್ಲಿ, ಕೇಳಿಸಿದರೆ ಸಾಲದು, ಮಕ್ಕಳ ಬಾಯಿಂದ ಹೊರಡಿಸಬೇಕು ಎಂದರು. 'ವ್ಯಾಕರಣ ಬಿಟ್ಟುಬಿಡಿ' ಎಂದು ಯಾರಾದರೂ ಹೇಳಿದರೆ ಈ ಎರಡು ಉದಾಹರಣೆ ಇಟ್ಟುಕೊಂಡಿರಿ.

ಇನ್ನು ಉಳಿದದ್ದು 'ಹೊಲ'. ಹುಡುಗನಿಗೆ 'ಫೀಲ್ಡ್' ಪದ ಗೊತ್ತಿರಲಿಲ್ಲ ಅಥವಾ ನೆನಪಾಗಲಿಲ್ಲ. ಅವನು ನಿಲ್ಲಲಿಲ್ಲ. ತನ್ನ ಹತ್ತಿರ ಇದ್ದ ಪದ ಹಾಕಿ ವಾಕ್ಯ ಮುಗಿಸಿದ. ಹಳಬರು ಇದನ್ನು ಕಲಬೆರಕೆ ಅನ್ನುತ್ತಿದ್ದರು. 1989ರಲ್ಲಿ ಫ್ರಾಂಸ್ವಾ ಗ್ರೋಜಾನ್ ಒಂದು ಮಾತು ಹೇಳಿದರು. ಎರಡು ಭಾಷೆ ಬಲ್ಲವರು ಅಂದರೆ ಒಂದೊಂದೇ ಭಾಷೆ ಬಲ್ಲ ಇಬ್ಬರನ್ನು ಒಂದೇ ಮೈಯಲ್ಲಿ ತುರುಕಿದಂತೆ ಅಲ್ಲ. ಅವರ ಭಾಷೆಗಳು ಒಳಗೆ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಅದಕ್ಕೂ ಮುಂಚೆ ಜಿಮ್ ಕಮಿನ್ಸ್, ಒಂದು ಭಾಷೆಯಲ್ಲಿ ಓದಿ ತಿಳಿಯುವ ಶಕ್ತಿ ಬೆಳೆದರೆ ಅದು ಇನ್ನೊಂದಕ್ಕೂ ಒದಗುತ್ತದೆ ಎಂದಿದ್ದರು. ಕನ್ನಡದಲ್ಲಿ ಒಂದು ಪ್ಯಾರಾ ಓದಿ ಸಾರ ಹೇಳಬಲ್ಲ ಮಗು ಆ ಕೆಲಸವನ್ನು ಇಂಗ್ಲಿಷಿನಲ್ಲಿ ಹೊಸದಾಗಿ ಕಲಿಯಬೇಕಿಲ್ಲ. ಪದಗಳು ಬೇಕು ಅಷ್ಟೇ.

ನಮ್ಮ ಕಡೆ ಇದು ಹೊಸ ಸಂಗತಿ ಏನಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡ ಎಂಬ ಊರಿನಲ್ಲಿ ಕನ್ನಡ, ಮರಾಠಿ, ಉರ್ದು ತಲೆಮಾರುಗಳಿಂದ ಜೊತೆಗಿವೆ. ಗಂಪರ್ಜ್ ಮತ್ತು ವಿಲ್ಸನ್ ಎಂಬ ಸಂಶೋಧಕರು 1971ರಲ್ಲಿ ಬರೆದದ್ದು ಏನೆಂದರೆ, ಅಲ್ಲಿಯ ಜನ ಪದಗಳನ್ನು ಬೇರೆ ಬೇರೆ ಇಟ್ಟುಕೊಂಡೇ ವಾಕ್ಯ ಕಟ್ಟುವ ರೀತಿಯನ್ನು ಹೆಚ್ಚು ಕಡಿಮೆ ಒಂದೇ ಮಾಡಿಕೊಂಡಿದ್ದರು. ಪದಕ್ಕೆ ಪದ ಬದಲಿಸಿದರೆ ಒಂದು ಭಾಷೆಯ ವಾಕ್ಯ ಇನ್ನೊಂದರದ್ದಾಗುತ್ತಿತ್ತು. ಆ ಊರಿನವರನ್ನು ಯಾರೂ ತಿದ್ದಲು ಹೋಗಲಿಲ್ಲ. ಭಾಷೆಗಳೂ ಸಾಯಲಿಲ್ಲ.

ನೀವು ಈಚೆಗೆ ಕೇಳಿದ 'ಬೆರೆಸಲಿ ಬಿಡಿ' ಎಂಬುದರ ಶಾಸ್ತ್ರೀಯ ಹೆಸರು ಟ್ರಾನ್ಸ್‌ಲ್ಯಾಂಗ್ವೇಜಿಂಗ್. ಇದನ್ನು 1994ರಲ್ಲಿ ವೇಲ್ಸ್‌ನ ಕೆನ್ ವಿಲಿಯಮ್ಸ್ ಒಂದು ಪಾಠಕ್ರಮವಾಗಿ ವಿವರಿಸಿದರು. ಅವರು ಹೇಳಿದ್ದು ಬೇಕಾಬಿಟ್ಟಿ ಬೆರೆಸುವುದನ್ನಲ್ಲ. ಒಂದು ಭಾಷೆಯಲ್ಲಿ ಓದು ಅಥವಾ ಕೇಳು, ಇನ್ನೊಂದರಲ್ಲಿ ಬರೆ ಅಥವಾ ಹೇಳು. ಹಾಗೆ ಮಾಡಬೇಕಾದರೆ ವಿಷಯ ನಿಜವಾಗಿ ಅರ್ಥವಾಗಿರಲೇಬೇಕು, ಸುಮ್ನೆ ನೋಡಿ ಬರೆಯಲು ಆಗುವುದಿಲ್ಲ. ಆಮೇಲೆ ಅಮೆರಿಕದಲ್ಲಿ ಒಫೆಲಿಯಾ ಗಾರ್ಸಿಯಾ ಮತ್ತು ಜೊತೆಯವರು ಈ ವಿಚಾರವನ್ನು ತುಂಬಾ ದೂರ ಎಳೆದರು. ಭಾಷೆಗಳ ನಡುವಿನ ಗಡಿಗಳು ಸಮಾಜ ಹಾಕಿದವು, ಮನಸ್ಸಿನೊಳಗೆ ಹಾಗೆ ಬೇರೆ ಬೇರೆ ಖಾನೆಗಳಿಲ್ಲ ಎನ್ನುವವರೆಗೆ. ಅದನ್ನು ಒಪ್ಪದ ತಜ್ಞರು ಬಹಳ ಮಂದಿ ಇದ್ದಾರೆ, ನಾನೂ ಪೂರ್ತಿ ಒಪ್ಪುವುದಿಲ್ಲ. ನಮ್ಮ ಹುಡುಗನಿಗೆ 'ಹೊಲ' ಕನ್ನಡ ಪದ ಅಂತ ಚೆನ್ನಾಗಿ ಗೊತ್ತು. ಕೇಳಿ ನೋಡಿ.

ಸರಿ, ಈಗ ನಿಮ್ಮ ಕ್ಲಾಸು.

ಪೂರ್ತಿ ಇಂಗ್ಲಿಷಿನಲ್ಲೇ ಪಾಠ ಮಾಡುವುದು ಒಂದು ದಾರಿ. ಲಾಭ ಇದೆ. ನಿಮ್ಮ ಮಕ್ಕಳಿಗೆ ಇಂಗ್ಲಿಷ್ ಕಿವಿಗೆ ಬೀಳುವುದು ಹೆಚ್ಚಾಗಿ ಈ ನಲವತ್ತು ನಿಮಿಷ ಮಾತ್ರ. ಊರಲ್ಲಿ, ಮನೆಯಲ್ಲಿ ಸಿಗುವುದಿಲ್ಲ. ಅಪಾಯ ಏನೆಂದರೆ ಮುಂದಿನ ಬೆಂಚಿನ ಐದಾರು ಮಕ್ಕಳ ಜೊತೆ ಕ್ಲಾಸು ಓಡುತ್ತದೆ, ಉಳಿದವರು ತಲೆಯಾಡಿಸುತ್ತಾರೆ. ಅರ್ಥವಾಗದ ಇಂಗ್ಲಿಷ್ ಎಷ್ಟು ಕೇಳಿಸಿದರೂ ಅದು ಬರೀ ಸದ್ದು.

ಇನ್ನೊಂದು ದಾರಿ ನಮ್ಮಲ್ಲಿ ಎಲ್ಲರೂ ಮಾಡುವುದು, ಹೆಸರು ಹೇಳದೆ. ಪಾಠದ ಒಂದು ಸಾಲು ಇಂಗ್ಲಿಷಿನಲ್ಲಿ ಓದಿ, ಕೂಡಲೇ ಕನ್ನಡದಲ್ಲಿ ಹೇಳುವುದು. ಕೊನೆಗೆ ಪ್ರಶ್ನೋತ್ತರ ಬೋರ್ಡ್ ಮೇಲೆ ಬರೆಸುವುದು. ಮಕ್ಕಳು ಕನ್ನಡ ಬರುವವರೆಗೆ ಕಾಯುತ್ತಾರೆ. ಇಂಗ್ಲಿಷ್ ಸಾಲು ಅವರ ಕಿವಿಯ ಪಕ್ಕದಲ್ಲೇ ಹೋಗುತ್ತದೆ. ದಯವಿಟ್ಟು ಇದನ್ನು ಟ್ರಾನ್ಸ್‌ಲ್ಯಾಂಗ್ವೇಜಿಂಗ್ ಅಂದುಕೊಳ್ಳಬೇಡಿ. ಇಲ್ಲಿ ಎರಡೂ ಭಾಷೆ ಬಳಸುತ್ತಿರುವುದು ಟೀಚರ್ ಮಾತ್ರ. ನಾನು ನೋಡಿದ ಕ್ಲಾಸುಗಳಲ್ಲಿ ಇದರಿಂದ ಪಾಸಿಂಗ್ ಮಾರ್ಕ್ಸ್ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ.

ನಾನು ಹೇಳುವುದು ಇವೆರಡರ ನಡುವಿನದು. ಕನ್ನಡವನ್ನು ಮಕ್ಕಳ ಕೈಗೆ ಕೊಡಿ, ನೀವು ಆದಷ್ಟು ಇಂಗ್ಲಿಷಿನಲ್ಲಿರಿ. ಉದಾಹರಣೆಗೆ, ಹಾವೇರಿಯಿಂದ ಹುಬ್ಬಳ್ಳಿಗೆ ಹೋಗುವ ಬಸ್ಸುಗಳ ಪಟ್ಟಿ ಬೋರ್ಡ್ ಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ. ಅಜ್ಜಿ ಮನೆಗೆ ಮಧ್ಯಾಹ್ನದ ಊಟಕ್ಕೆ ಮುಟ್ಟಬೇಕು, ಪರೀಕ್ಷೆ ಮುಗಿಸಿಕೊಂಡು ಹೊರಡಬೇಕು, ಯಾವ ಬಸ್ಸು? ಪ್ರಶ್ನೆ ಇಂಗ್ಲಿಷಿನಲ್ಲಿ ಕೇಳಿ. ಗುಂಪಿನಲ್ಲಿ ಅವರು ಕನ್ನಡದಲ್ಲೇ ಜಗಳವಾಡಲಿ, ನಿಲ್ಲಿಸಬೇಡಿ. ಆದರೆ ಉತ್ತರ ಬರುವುದು ಇಂಗ್ಲಿಷಿನಲ್ಲಿ, ಎರಡು ವಾಕ್ಯವಾದರೂ ಸರಿ, ಯಾಕೆ ಆ ಬಸ್ಸು ಎಂಬ ಕಾರಣದ ಜೊತೆ. ಕನ್ನಡ ಯೋಚನೆಗೆ, ಇಂಗ್ಲಿಷ್ ಉತ್ತರಕ್ಕೆ. ಇದರ ಅಪಾಯವನ್ನೂ ಹೇಳಿಬಿಡುತ್ತೇನೆ. ಪೋರ್ಷನ್ ನಿಧಾನವಾಗುತ್ತದೆ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಲ್ಲಿ, ಬೆಂಗಳೂರಿನ ಪ್ರಯೋಗದಲ್ಲಿ ಆದಂತೆ, ನಿಮ್ಮ ಮಕ್ಕಳು ಮೊದಮೊದಲು ಹಿಂದೆ ಬೀಳಬಹುದು. ಅದಕ್ಕೆ ವಾರದಲ್ಲಿ ಒಂದು ಪೀರಿಯಡ್ ಹಳೇ ಥರದ ವ್ಯಾಕರಣ ಇಟ್ಟುಕೊಳ್ಳಿ. ನಾಚಿಕೆಪಡುವಂಥದ್ದೇನಿಲ್ಲ.

ತಿದ್ದುವ ವಿಷಯ. 1997ರಲ್ಲಿ ಲಿಸ್ಟರ್ ಮತ್ತು ರಾಂಟಾ ಕೆನಡಾದ ಪ್ರಾಥಮಿಕ ಕ್ಲಾಸುಗಳಲ್ಲಿ ಟೀಚರ್‌ಗಳು ಹೇಗೆ ತಿದ್ದುತ್ತಾರೆ ಎಂದು ದಾಖಲಿಸಿದರು. ಅರ್ಧಕ್ಕಿಂತ ಜಾಸ್ತಿ ಸಲ ಟೀಚರ್ ಸರಿಯಾದ ರೂಪವನ್ನು ತಾವೇ ಹೇಳಿ ಮುಂದೆ ಹೋಗುತ್ತಿದ್ದರು. ಮಗು 'ಗೋ' ಅಂದರೆ, 'ಹೌದು, ಹಿ ಗೋಸ್' ಎಂಬ ಥರ. ಅದನ್ನು ಮಕ್ಕಳು ಗಮನಿಸಿದ್ದೇ ಕಮ್ಮಿ. ಟೀಚರ್ ತಡೆದು, ಸರಿಯಾದದ್ದನ್ನು ಮಗುವಿನಿಂದಲೇ ಹೊರಡಿಸಿದಾಗ ಫಲ ಜಾಸ್ತಿ. ಹಾಗಾಗಿ 'ಮೈ ಫಾದರ್...?' ಎಂದು ಅರ್ಧಕ್ಕೆ ನಿಲ್ಲಿಸಿ ಕಾಯಿರಿ. ಪ್ರತಿ ತಪ್ಪಿಗೂ ಬೇಡ. ಈ ತಿಂಗಳು 'ಸ್' ಅಂತ ಇಟ್ಟುಕೊಂಡರೆ ಅದೊಂದನ್ನೇ ಹಿಡಿಯಿರಿ, ಉಳಿದದ್ದನ್ನು ನೋಡಿಯೂ ನೋಡದಂತಿರಿ. ಮಗು ಮಾತಿನ ಓಟದಲ್ಲಿದ್ದಾಗ ಅಂತೂ ತಡೆಯಬೇಡಿ. 'ಹೊಲ'ಕ್ಕೆ ತಿದ್ದುಪಡಿ ಬೇಕಿಲ್ಲ, ಪಕ್ಕದಲ್ಲಿ 'ಫೀಲ್ಡ್' ಎಂದು ಬರೆದುಕೊಟ್ಟರೆ ಸಾಕು.

ಒಂದು ವಿಷಯ ನೀವು ಕೇಳಲಿಲ್ಲ, ಆದರೂ ಹೇಳಬೇಕು. ನಿಮ್ಮ ಕಡೆ ತಾಂಡಾಗಳಿವೆ, ಉರ್ದು ಮನೆಮಾತಿನ ಕುಟುಂಬಗಳೂ ಇವೆ. ಲಂಬಾಣಿ ಮಾತಾಡುವ ಮಗುವಿಗೆ ನೀವು ಸುಲಭ ಆಗಲಿ ಎಂದು ಹೇಳುವ ಕನ್ನಡವೂ ಎರಡನೇ ಭಾಷೆ. ಪಠ್ಯದ ಕನ್ನಡವಂತೂ ನಿಮ್ಮ ಊರಿನ ಕನ್ನಡದ ಮಕ್ಕಳಿಗೂ ಸ್ವಲ್ಪ ದೂರವೇ. ಹಾಗಾಗಿ 'ಮಾತೃಭಾಷೆ ಬಳಸಿ' ಎಂಬ ಮಾತನ್ನು 'ಕನ್ನಡ ಬಳಸಿ' ಎಂದು ಓದಿಕೊಂಡರೆ ಕೆಲವು ಮಕ್ಕಳು ಮತ್ತೆ ಹೊರಗೇ ಉಳಿಯುತ್ತಾರೆ. ಆ ಮಕ್ಕಳನ್ನು ಗುಂಪಿನಲ್ಲಿ ಅವರ ಮಾತು ಗೊತ್ತಿರುವ ಇನ್ನೊಬ್ಬರ ಪಕ್ಕ ಕೂರಿಸಿ. ನಿಮಗೆ ಲಂಬಾಣಿ ಬರಬೇಕಿಲ್ಲ.

ಸಾಹೇಬರ ಪ್ರಶ್ನೆಗೆ ಉತ್ತರ ಸುಲಭ. ಪಾಠ ಯೋಜನೆಯಲ್ಲಿ ಎರಡು ಕಾಲಂ ಹಾಕಿ. ಪಾಠದ ಯಾವ ಹಂತದಲ್ಲಿ ಮಕ್ಕಳು ಯಾವ ಭಾಷೆ ಬಳಸಬಹುದು, ಕೊನೆಗೆ ಇಂಗ್ಲಿಷಿನಲ್ಲಿ ಅವರಿಂದ ಏನು ಬರಬೇಕು. ಅವರು ಬಂದ ದಿನ ಗುಂಪಿನಲ್ಲಿ ಕನ್ನಡ ಕೇಳಿಸಿದರೆ ಆ ಹಾಳೆ ತೋರಿಸಿ, ಕೊನೆಯ ಹತ್ತು ನಿಮಿಷ ಕೂತು ಮಕ್ಕಳ ಇಂಗ್ಲಿಷ್ ಉತ್ತರ ಕೇಳಲು ಹೇಳಿ. ಮಕ್ಕಳ ಬಹುಭಾಷಿಕತೆಯನ್ನು ಕ್ಲಾಸಿನಲ್ಲಿ ಸಂಪನ್ಮೂಲವಾಗಿ ಬಳಸಬೇಕು ಎಂಬ ಮಾತು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೇ ಇದೆ. ಬೇಕಾದರೆ ಆ ಪುಟದ ಜೆರಾಕ್ಸ್ ಒಂದನ್ನು ಪಾಠ ಯೋಜನೆಯ ಫೈಲಿನಲ್ಲೇ ಇಟ್ಟುಕೊಂಡಿರಿ.